ಮಲೆನಾಡಿನ ಮನೆಗೆ ಇಂಟರ್ನೆಟ್: ಹಾಸನ, ಚಿಕ್ಕಮಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಇಂಟರ್ನೆಟ್ ನಿಂತಾಗ ಹೆಚ್ಚು ಹೊತ್ತು ಹಾಳಾಗುವುದು ರಿಪೇರಿಗಲ್ಲ, ಅದು ಯಾರ ಕೆಲಸ ಎಂದು ತಿಳಿಯುವುದಕ್ಕೆ. ಮನೆಯೊಳಗಿನ ವೈಫೈ, ಕಂಬದ ಮೇಲಿನ ಫೈಬರ್, ಪೇಟೆಯಲ್ಲಿರುವ ಮೆಷಿನ್, ಅಲ್ಲಿಂದ ಬೆಂಗಳೂರಿಗೆ ಹೋಗುವ ಲೈನ್, ಇವೆಲ್ಲ ಬೇರೆ ಬೇರೆ ಕೈಗಳಲ್ಲಿವೆ. ತೊಂದರೆ ಎಲ್ಲಿದೆ ಎಂದು ನೀವೇ ಗುರುತಿಸಿ ಹೇಳಿದರೆ ಕೆಲಸ ಬೇಗ ಆಗುತ್ತದೆ. ಕೆಳಗಿನ ಉತ್ತರಗಳನ್ನು ಬರೆದಿರುವುದು ಅದಕ್ಕಾಗಿಯೇ.

ಲೈನ್ ಎಳೆದವರು ಊರಿನ ಕೇಬಲ್‌ನವರು, ಬಿಲ್ ಬರುವುದು ದೊಡ್ಡ ಕಂಪನಿಯ ಹೆಸರಲ್ಲಿ. ನಮ್ಮ ಪ್ರೊವೈಡರ್ ನಿಜವಾಗಿ ಯಾರು?

ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಅವರು. ಇಂಟರ್ನೆಟ್ ಸೇವೆಗೆ ಕೇಂದ್ರದ ದೂರಸಂಪರ್ಕ ಇಲಾಖೆಯ ಪರವಾನಗಿ ಬೇಕು. ಇದರಲ್ಲಿ ಎ, ಬಿ, ಸಿ ಎಂದು ಮೂರು ವರ್ಗಗಳು ಬಳಕೆಯಲ್ಲಿವೆ: ಎ ಇಡೀ ದೇಶಕ್ಕೆ, ಬಿ ಒಂದು ಟೆಲಿಕಾಂ ಸರ್ಕಲ್‌ಗೆ (ಬಹುಮಟ್ಟಿಗೆ ಒಂದು ರಾಜ್ಯ), ಸಿ ಹೆಚ್ಚುಕಡಿಮೆ ಒಂದು ಜಿಲ್ಲೆಯಷ್ಟು ಪ್ರದೇಶಕ್ಕೆ. ನಿಮ್ಮ ಬೀದಿಯ ಆಪರೇಟರ್ ಇಂಥದೊಂದು ಕಂಪನಿಯ ಪಾಲುದಾರನಾಗಿ ಕೆಲಸ ಮಾಡುತ್ತಾನೆ. ಲೈನ್ ಎಳೆಯುವುದು, ಜಾಯಿಂಟ್ ಹಾಕುವುದು, ಹಣ ವಸೂಲಿ ಮಾಡುವುದು ಅವನ ಪಾಲು. ಯೂಸರ್‌ನೇಮ್ ಕೊಡುವುದು, ಪ್ಲಾನ್ ಜಾರಿ ಮಾಡುವುದು, ಹೊರಜಗತ್ತಿನ ಸಂಪರ್ಕ ಒದಗಿಸುವುದು ಕಂಪನಿಯ ಪಾಲು. ಬಿಎಸ್‌ಎನ್‌ಎಲ್ ಫೈಬರ್ ಕೂಡ ಅನೇಕ ಕಡೆ ಆದಾಯ ಹಂಚಿಕೆಯ ಮೇಲೆ ಖಾಸಗಿ ಪಾಲುದಾರರ ಮೂಲಕವೇ ಮನೆ ತಲುಪುತ್ತದೆ. ಎಕ್ಸ್‌ಚೇಂಜ್ ಬಿಎಸ್‌ಎನ್‌ಎಲ್‌ನದು, ಕಂಬದ ಲೈನ್ ಪಾಲುದಾರನದು.

ಆದ್ದರಿಂದ ತಂತಿ ಕಡಿದರೆ ಮೊದಲು ಆಪರೇಟರ್‌ಗೆ ಫೋನ್ ಮಾಡಿ. ಆದರೆ ಕಂಪನಿಯ ಕಸ್ಟಮರ್ ಕೇರ್‌ನಲ್ಲೂ ದೂರು ದಾಖಲಿಸಿ ನಂಬರ್ ತೆಗೆದುಕೊಳ್ಳಿ. ಆಪರೇಟರ್‌ಗೆ ವಾಟ್ಸಾಪ್‌ನಲ್ಲಿ ಹೇಳಿದ್ದು ಕಂಪನಿಯ ಲೆಕ್ಕದಲ್ಲಿ ದೂರೇ ಅಲ್ಲ.

ಪೇಟೆಯಿಂದ ಮನೆಯವರೆಗೆ ಏನೇನಿದೆ?

ಹಾಸನ, ಬೇಲೂರು, ಮೂಡಿಗೆರೆ, ಕಡೂರಿನಂಥ ಊರಲ್ಲಿ, ಇಂಟರ್ನೆಟ್ಟನ್ನು ಬೆಳಕಾಗಿ ಫೈಬರ್‌ಗೆ ಬಿಡುವ ಓಎಲ್‌ಟಿ ಎಂಬ ಮೆಷಿನ್ ಇರುತ್ತದೆ. ಅದರ ಒಂದೊಂದು ಪೋರ್ಟ್‌ನಿಂದ ಒಂದೊಂದು ಫೈಬರ್ ಎಳೆ ಹೊರಡುತ್ತದೆ. ದಾರಿಯಲ್ಲಿ ಸ್ಪ್ಲಿಟರ್‌ಗಳು ಆ ಬೆಳಕನ್ನು ಹಂಚುತ್ತವೆ. ಮೊದಲು 8 ಭಾಗ, ಮುಂದೆ ಪ್ರತಿಯೊಂದನ್ನೂ ಮತ್ತೆ 8 ಭಾಗ ಮಾಡಿದರೆ ಒಂದು ಎಳೆಯಿಂದ 64 ಮನೆ. ಸ್ಪ್ಲಿಟರ್‌ಗೆ ಕರೆಂಟ್ ಬೇಕಿಲ್ಲ. ಮನೆಯಲ್ಲಿ ಆ ಎಳೆ ಸೇರುವ ಪೆಟ್ಟಿಗೆಯೇ ಓಎನ್‌ಟಿ. ನಾವು ಮೋಡೆಮ್ ಎನ್ನುವುದು ಇದನ್ನೇ.

ಒಂದೇ ಎಳೆಯಲ್ಲಿ ಎರಡು ತರಂಗಾಂತರದ ಬೆಳಕು ಓಡುತ್ತದೆ: ಮನೆಗೆ ಬರುವುದು 1490 ನ್ಯಾನೊಮೀಟರ್, ಮನೆಯಿಂದ ಹೋಗುವುದು 1310. ಎರಡೂ ಕಣ್ಣಿಗೆ ಕಾಣುವುದಿಲ್ಲ, ಆದರೂ ಕಣ್ಣಿಗೆ ಒಳ್ಳೆಯದಲ್ಲ. ಫೈಬರ್ ಕಳಚಿ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ, ಮಕ್ಕಳಿಗೂ ಹೇಳಿ. ಹೀಗೆ ಒಂದು ಎಳೆಯನ್ನು ಅನೇಕ ಮನೆಗಳಿಗೆ ಹಂಚುವ ಜಿಪಾನ್ ಎಂಬ ವ್ಯವಸ್ಥೆಯಲ್ಲಿ ಆ ಒಂದು ಪೋರ್ಟ್‌ನ ಒಟ್ಟು ಸಾಮರ್ಥ್ಯ ಕೆಳಮುಖವಾಗಿ ಸುಮಾರು 2.5 ಜಿಬಿಪಿಎಸ್, ಮೇಲ್ಮುಖವಾಗಿ 1.25. ಅಷ್ಟನ್ನೂ 64 ಮನೆಗಳು ಹಂಚಿಕೊಳ್ಳುತ್ತವೆ.

ಇಂಟರ್ನೆಟ್ ಬರುತ್ತಿಲ್ಲ. ಮೊದಲು ಏನು ನೋಡಬೇಕು?

ಓಎನ್‌ಟಿಯ ದೀಪಗಳನ್ನು. ರೀಸ್ಟಾರ್ಟ್ ಮಾಡುವ ಮೊದಲೇ ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಎಲ್‌ಓಎಸ್ ದೀಪ ಕೆಂಪಗೆ ಉರಿಯುತ್ತಿದ್ದರೆ ಅಥವಾ ಮಿಣುಕುತ್ತಿದ್ದರೆ ಬೆಳಕೇ ಬರುತ್ತಿಲ್ಲ ಎಂದರ್ಥ. ಕಂಬದಲ್ಲಿ ಕಡಿದಿದೆ, ಜಾಯಿಂಟ್ ಬಿಟ್ಟಿದೆ, ಅಥವಾ ಮನೆಯೊಳಗೇ ಹಳದಿ ಪ್ಯಾಚ್ ಕಾರ್ಡ್ ಮಡಚಿದೆ. ಕೊನೆಯದನ್ನು ನೀವೇ ಪರೀಕ್ಷಿಸಬಹುದು. ಸೋಫಾ ಹಿಂದೆ ಸಿಕ್ಕಿಕೊಂಡಿದೆಯೇ, ಇಲಿ ಕಚ್ಚಿದೆಯೇ, ಕಸ ಗುಡಿಸುವಾಗ ಎಳೆದಂತಾಗಿದೆಯೇ ನೋಡಿ. ಸುತ್ತಿಡುವಾಗ ಸುರುಳಿ ಅಂಗೈಗಿಂತ ಚಿಕ್ಕದಾಗಬಾರದು. ರೀಸ್ಟಾರ್ಟ್, ರೀಸೆಟ್ ಯಾವುದರಿಂದಲೂ ಕೆಂಪು ದೀಪ ಹೋಗುವುದಿಲ್ಲ. ರೀಸೆಟ್ ಗುಂಡಿಯನ್ನಂತೂ ಒತ್ತಲೇಬೇಡಿ. ಯೂಸರ್‌ನೇಮ್, ವಿಲ್ಯಾನ್ ಸಂಖ್ಯೆಯಂಥ ಸೆಟ್ಟಿಂಗ್‌ಗಳೆಲ್ಲ ಅಳಿಸಿ ಹೋಗಿ, ಲೈನ್ ಸರಿಯಾದ ಮೇಲೂ ಇಂಟರ್ನೆಟ್ ಬರದೆ ಒಂದರ ಬದಲು ಎರಡು ತೊಂದರೆ ಆಗುತ್ತದೆ.

ಎಲ್‌ಓಎಸ್ ಆರಿದೆ, ಪಾನ್ ದೀಪ ಮಾತ್ರ ಮಿಣುಕುತ್ತಲೇ ಇದೆ ಎಂದರೆ ಬೆಳಕು ಬರುತ್ತಿದೆ, ಆದರೆ ಓಎಲ್‌ಟಿ ನಿಮ್ಮ ಪೆಟ್ಟಿಗೆಯನ್ನು ಒಪ್ಪಿಕೊಂಡಿಲ್ಲ. ಬೆಳಕು ತೀರಾ ಕ್ಷೀಣವಾಗಿರಬಹುದು, ಅಥವಾ ಪೆಟ್ಟಿಗೆಯ ಸೀರಿಯಲ್ ನಂಬರ್ ಓಎಲ್‌ಟಿಯಲ್ಲಿ ನೋಂದಣಿ ಆಗಿಲ್ಲ. ಎರಡಕ್ಕೂ ಆಪರೇಟರ್ ಬೇಕು.

ಪಾನ್ ಸ್ಥಿರವಾಗಿ ಹಸಿರು, ಇಂಟರ್ನೆಟ್ ದೀಪ ಆರಿದೆ ಅಥವಾ ಕೆಂಪು: ಲಾಗಿನ್ ಆಗುತ್ತಿಲ್ಲ. ಪ್ಲಾನ್ ಮುಗಿದಿದೆಯೇ ಎಂದು ಮೊದಲು ನೋಡಿ. ಪಿಪಿಪಿಓಇ (ಯೂಸರ್‌ನೇಮ್ ಹಾಕಿ ಲಾಗಿನ್ ಆಗುವ) ಪುಟದಲ್ಲಿ ಎರರ್ 691 ಎಂದಿದ್ದರೆ ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ತಪ್ಪು. ಇದು ಕಂಪನಿಯ ಕಡೆಯ ಕೆಲಸ, ಲೈನ್‌ಮನ್ ಬಂದು ಪ್ರಯೋಜನವಿಲ್ಲ.

ಎಲ್ಲ ದೀಪಗಳೂ ಸರಿಯಿದ್ದು ಏನೂ ತೆರೆಯದಿದ್ದರೆ ಡಿಎನ್‌ಎಸ್ (ವೆಬ್‌ಸೈಟ್‌ನ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ) ಅನ್ನು 8.8.8.8 ಅಥವಾ 1.1.1.1 ಎಂದು ಬದಲಾಯಿಸಿ ನೋಡಿ. ಆಗಲೂ ಬರದಿದ್ದರೆ ಪಕ್ಕದ ಮನೆಯಲ್ಲಿ ಕೇಳಿ. ಇಡೀ ಬೀದಿಗೆ ಇಲ್ಲ, ಮೊಬೈಲ್ ಡೇಟಾ ಕೂಡ ಸತ್ತಿದೆ ಎಂದರೆ ಮುಖ್ಯ ಲೈನ್ ಹೋಗಿರುವ ಸಾಧ್ಯತೆ ಹೆಚ್ಚು. ಮೊಬೈಲ್ ಟವರ್‌ಗಳೂ ಬಹುಪಾಲು ಫೈಬರ್ ಮೇಲೆಯೇ ನಿಂತಿವೆ.

ಲೈನ್‌ಮನ್ ಹೇಳುವ “ಪವರ್ ಮೈನಸ್ 28” ಎಂದರೇನು?

ನಿಮ್ಮ ಮನೆಗೆ ತಲುಪುವ ಬೆಳಕಿನ ಬಲ. ಡಿಬಿಎಂ ಎಂಬ ಅಳತೆ. ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಪ್ರತಿ 3 ಡಿಬಿಗೆ ಬಲ ಅರ್ಧವಾಗುತ್ತದೆ. ಸಾಮಾನ್ಯ ಜಿಪಾನ್ ಓಎನ್‌ಟಿ ಮೈನಸ್ 8ರಿಂದ ಮೈನಸ್ 27ರವರೆಗೆ ಕೆಲಸ ಮಾಡುವಂತೆ ತಯಾರಾಗಿದೆ. ಮೈನಸ್ 15ರಿಂದ 24ರೊಳಗಿದ್ದರೆ ನೆಮ್ಮದಿ. 26 ದಾಟಿದ್ದರೆ ಬಿಸಿಲಲ್ಲಿ ಓಡುವ ಲೈನ್ ಮಳೆಯಲ್ಲಿ ಬೀಳುತ್ತದೆ, ಏಕೆಂದರೆ ಸಡಿಲ ಜಾಯಿಂಟ್‌ಗೆ ನೀರು ಇಳಿದಾಗ, ಗಾಳಿಗೆ ಕೇಬಲ್ ಜಗ್ಗಿದಾಗ ಇನ್ನೊಂದೆರಡು ಡಿಬಿ ಹೋಗುತ್ತದೆ.

ಲೆಕ್ಕ ಹೀಗೆ. ಓಎಲ್‌ಟಿಯಿಂದ ಹೊರಡುವಾಗ ಸುಮಾರು ಪ್ಲಸ್ 3. 64 ಭಾಗ ಮಾಡುವ ಸ್ಪ್ಲಿಟರ್‌ಗಳಲ್ಲಿ 21 ಹೋಯಿತು. ಕಿಲೋಮೀಟರಿಗೆ ಸುಮಾರು 0.35ರಂತೆ 5 ಕಿಲೋಮೀಟರಿಗೆ 1.75. ಕನೆಕ್ಟರ್‌ಗಳಲ್ಲಿ ಇನ್ನೊಂದು. ಮನೆಗೆ ಬರುವಾಗ ಮೈನಸ್ 21ರ ಹತ್ತಿರ ಇರಬೇಕು. ನಿಮ್ಮಲ್ಲಿ 27 ತೋರಿಸುತ್ತಿದ್ದರೆ ಆ ಹೆಚ್ಚಿನ 6 ಡಿಬಿ ದೂರದಿಂದ ಬಂದದ್ದಲ್ಲ, ಕೆಟ್ಟ ಜಾಯಿಂಟ್‌ನಿಂದ ಬಂದದ್ದು. ಮೆಷಿನ್‌ನಲ್ಲಿ ಬೆಸೆದ ಒಳ್ಳೆಯ ಜಾಯಿಂಟ್ 0.1 ಡಿಬಿಯನ್ನೂ ತಿನ್ನುವುದಿಲ್ಲ. ಕೈಯಲ್ಲಿ ಒತ್ತಿ ಕೂರಿಸುವ ಕನೆಕ್ಟರ್ ಅರ್ಧ ಡಿಬಿ ತಿನ್ನಬಹುದು, ದೂಳು ಕೂತರೆ ಇನ್ನೂ ಹೆಚ್ಚು. ಹಸಿರು ತುದಿಯ ಕನೆಕ್ಟರನ್ನು ನೀಲಿ ತುದಿಯದಕ್ಕೆ ಸಿಕ್ಕಿಸಿದ್ದರೂ ಹೀಗಾಗುತ್ತದೆ: ಹಸಿರಿನ ಮುಖ ಓರೆ, ನೀಲಿಯದು ನೇರ, ಎರಡೂ ಕೂಡುವುದಿಲ್ಲ.

ಈ ಅಂಕಿಯನ್ನು ನೋಡಲು ಲೈನ್‌ಮನ್ ಬೇಕಿಲ್ಲ. ಬ್ರೌಸರ್‌ನಲ್ಲಿ 192.168.1.1 ತೆರೆದು (ಕೆಲವು ಪೆಟ್ಟಿಗೆಗಳಲ್ಲಿ 192.168.100.1) ಲಾಗಿನ್ ಆಗಿ, ಪಾನ್ ಅಥವಾ ಆಪ್ಟಿಕಲ್ ಮಾಹಿತಿ ಎಂಬಲ್ಲಿ ಆರ್‌ಎಕ್ಸ್ ಪವರ್ ನೋಡಿ. ಹೊಸ ಕನೆಕ್ಷನ್ ಹಾಕಿದ ದಿನವೇ ಬರೆದಿಟ್ಟುಕೊಳ್ಳಿ. ಈ ಪುಟದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಾದರೆ ಇದನ್ನು ಮಾಡಿ ಎನ್ನುತ್ತೇವೆ. ಮುಂದೆ ವಾದ ಬಂದಾಗ ಈ ಅಂಕಿಗಿಂತ ಗಟ್ಟಿ ಸಾಕ್ಷಿ ಇಲ್ಲ.

ಮಳೆಗಾಲದಲ್ಲಿ ಏಕೆ ಇಷ್ಟು ಸಲ ಹೋಗುತ್ತದೆ?

ನಮ್ಮಲ್ಲಿ ಫೈಬರ್ ಬಹುಪಾಲು ನೆಲದಡಿ ಇಲ್ಲ, ಕಂಬದಿಂದ ಕಂಬಕ್ಕೆ, ಎಷ್ಟೋ ಕಡೆ ಮರದಿಂದ ಮರಕ್ಕೆ ತೂಗುತ್ತಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯ ಗಾಳಿಗೆ ಸಿಲ್ವರ್ ಓಕ್ ಕೊಂಬೆ ಮುರಿದು ಬೀಳುತ್ತದೆ, ಕೇಬಲ್ ಅದರಡಿ ಹೋಗುತ್ತದೆ. ಮರಕ್ಕೆ ಬಿಗಿಯಾಗಿ ಕಟ್ಟಿದ ಕೇಬಲ್ ಮರ ತೂಗಿದಷ್ಟೂ ಎಳೆಯುತ್ತದೆ. ಹೊರಗೆ ಕಪ್ಪು ಕವಚ ಸರಿಯಾಗಿಯೇ ಕಾಣುತ್ತಿದ್ದರೂ ಒಳಗಿನ ಗಾಜು ತುಂಡಾಗಿರುತ್ತದೆ. ಅಳಿಲು ಕಚ್ಚುವುದು, ಮಂಗ ಜೋತು ಬೀಳುವುದು ವರ್ಷವಿಡೀ ಇದ್ದದ್ದೇ. ಆಲೂರು, ಸಕಲೇಶಪುರದ ಆನೆ ಓಡಾಡುವ ತೋಟಗಳಲ್ಲಿ ತಗ್ಗಾಗಿ ಎಳೆದ ಲೈನ್ ಉಳಿಯುವುದಿಲ್ಲ.

ಇನ್ನೊಂದು ಕಡಿತ ದೂರದ್ದು. ರಾಷ್ಟ್ರೀಯ ಹೆದ್ದಾರಿ 75ರ ಶಿರಾಡಿ ಘಾಟಿ, 73ರ ಚಾರ್ಮಾಡಿ ಘಾಟಿ, ಎರಡರಲ್ಲೂ ಗುಡ್ಡ ಕುಸಿದಾಗ ಅಥವಾ ರಸ್ತೆ ಅಗಲಿಸುವ ಜೆಸಿಬಿ ಅಗೆದಾಗ ರಸ್ತೆ ಬದಿಯ ಫೈಬರ್ ಕೂಡ ಹೋಗುತ್ತದೆ. ಪ್ರೊವೈಡರ್‌ಗೆ ಎರಡು ದಾರಿಯಲ್ಲಿ ಲೈನ್ ಇದ್ದರೆ, ಉದಾಹರಣೆಗೆ ಒಂದು ಬೆಂಗಳೂರಿನ ಕಡೆ, ಇನ್ನೊಂದು ಮಂಗಳೂರಿನ ಕಡೆ, ಸಂಚಾರ ತಾನಾಗಿ ಇನ್ನೊಂದಕ್ಕೆ ತಿರುಗುತ್ತದೆ. ನಿಮಗೆ ಸ್ವಲ್ಪ ನಿಧಾನ ಅನ್ನಿಸಬಹುದು, ಅಷ್ಟೇ. ಒಂದೇ ದಾರಿ ಇದ್ದವರ ಗ್ರಾಹಕರು ಕಾಯಬೇಕು. ಕನೆಕ್ಷನ್ ತೆಗೆದುಕೊಳ್ಳುವ ಮೊದಲು “ನಿಮಗೆ ಎಷ್ಟು ದಾರಿಯಲ್ಲಿ ಲಿಂಕ್ ಇದೆ” ಎಂದು ಕೇಳಿ. ಸ್ಪೀಡ್ ಎಷ್ಟು ಎಂಬುದಕ್ಕಿಂತ ಮಲೆನಾಡಿನಲ್ಲಿ ಇದು ಮುಖ್ಯವಾದ ಪ್ರಶ್ನೆ.

ಕರೆಂಟ್ ಹೋದಾಗ ಇಂಟರ್ನೆಟ್ ಉಳಿಸಿಕೊಳ್ಳಬಹುದೇ?

ನಿಮ್ಮ ಮನೆಯ ಮಟ್ಟಿಗೆ ಸುಲಭ. ಓಎನ್‌ಟಿಗೆ ಬೇಕಾಗುವುದು ಹೆಚ್ಚೆಂದರೆ 10–12 ವ್ಯಾಟ್. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಲೈನಿನ ಪ್ಲಗ್‌ಗೆ ಹಾಕಿ. ಕರೆಂಟ್ ಹೋದ ಕೂಡಲೇ ಪೆಟ್ಟಿಗೆ ಆರಿ ಹೊತ್ತುತ್ತಿದ್ದರೆ ಇನ್ವರ್ಟರ್‌ನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ತಿರುಗಿಸಿ, ಆಗ ಬದಲಾವಣೆ ಬೇಗ ಆಗುತ್ತದೆ. ಇನ್ವರ್ಟರ್ ಇಲ್ಲದವರಿಗೆ ರೂಟರ್‌ನ ಪುಟ್ಟ ಡಿಸಿ ಯುಪಿಎಸ್ ಸಾಕು. ಪೆಟ್ಟಿಗೆಯ ಮೇಲೆ 8800 ಎಂಎಎಚ್ ಎಂದಿದ್ದರೆ ಅದು 3.7 ವೋಲ್ಟಿನ ಲೆಕ್ಕ, ಅಂದರೆ 32 ವ್ಯಾಟ್-ಅವರ್, ನಷ್ಟ ಕಳೆದು ಎರಡೂವರೆ ಗಂಟೆ. ಕೊಳ್ಳುವ ಮೊದಲು ಅಡಾಪ್ಟರ್ ಮೇಲಿನ ಬರಹ ಓದಿ: 12 ವೋಲ್ಟ್ 1 ಆಂಪಿಯರೋ, 1.5ಓ, 2ಓ. ವೋಲ್ಟ್ ಅದೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಅದಕ್ಕಿಂತ ಹೆಚ್ಚಿರಬೇಕು.

ಆದರೆ ನಿಮ್ಮ ಪೆಟ್ಟಿಗೆ ಉರಿಯುತ್ತಿದ್ದೂ ಪ್ರತಿ ಸಲ ಕರೆಂಟ್ ಹೋದ ಒಂದೆರಡು ಗಂಟೆಗೆ ಎಲ್‌ಓಎಸ್ ಬರುತ್ತಿದ್ದರೆ ಆಪರೇಟರ್‌ನ ಓಎಲ್‌ಟಿಯ ಬ್ಯಾಟರಿ ಮುಗಿಯುತ್ತಿದೆ. ಅದನ್ನು ಮೆಸ್ಕಾಂ ಮೇಲೋ (ಚಿಕ್ಕಮಗಳೂರು) ಸೆಸ್ಕ್ ಮೇಲೋ (ಹಾಸನ) ಹೊರಿಸಬಾರದು. ಬ್ಯಾಟರಿ ಇಡುವುದು ಸೇವೆ ಕೊಡುವವರ ಹೊಣೆ.

ಸಿಡಿಲಿಗೆ ಪೆಟ್ಟಿಗೆ ಸುಡುವುದು ಹೇಗೆ? ಫೈಬರ್‌ನಲ್ಲಿ ಕರೆಂಟ್ ಹರಿಯುವುದಿಲ್ಲವಲ್ಲ?

ಗಾಜಿನಲ್ಲಿ ಹರಿಯುವುದಿಲ್ಲ, ನಿಜ. ಸಿಡಿಲಿನ ಏಟು ಒಳಬರುವುದು ಅಡಾಪ್ಟರ್ ಮೂಲಕ, ಲ್ಯಾನ್ ಕೇಬಲ್ ಮೂಲಕ. ಮನೆಗೆ ಎಳೆದ ಡ್ರಾಪ್ ಕೇಬಲ್‌ನಲ್ಲಿ ಆಸರೆಗೆ ಉಕ್ಕಿನ ತಂತಿ ಇರುತ್ತದೆ. ಅದನ್ನು ಹೊರಗೋಡೆಯ ಕ್ಲ್ಯಾಂಪ್‌ನಲ್ಲೇ ಕತ್ತರಿಸಿ ನಿಲ್ಲಿಸಬೇಕು, ಪೆಟ್ಟಿಗೆಯವರೆಗೆ ತರಬಾರದು. ಏಪ್ರಿಲ್–ಮೇ ಗುಡುಗಿನ ಮಳೆಯಲ್ಲಿ ಅಡಾಪ್ಟರ್ ಜೊತೆ ಲ್ಯಾನ್ ತಂತಿಯನ್ನೂ ಕಿತ್ತಿಡಿ. ಸರ್ಜ್ ಪ್ರೊಟೆಕ್ಟರ್ ಕೆಲಸ ಮಾಡುವುದು ಅರ್ಥಿಂಗ್ ಸರಿಯಿದ್ದರೆ ಮಾತ್ರ. ಮನೆಯಿಂದ ಕಣಕ್ಕೋ ಕಾರ್ಮಿಕರ ಲೈನ್ ಮನೆಗೋ ಹೊರಗಿನಿಂದ ತಾಮ್ರದ ಲ್ಯಾನ್ ಕೇಬಲ್ ಎಳೆಯಲೇಬೇಡಿ. ಅದು 100 ಮೀಟರ್ ದಾಟಿದರೆ ಹೇಗೂ ಕೆಲಸ ಮಾಡದು, ಸಿಡಿಲಿಗಂತೂ ಎರಡೂ ತುದಿಯ ಉಪಕರಣ ಸುಡುತ್ತದೆ. ಎರಡು ಮೀಡಿಯಾ ಕನ್ವರ್ಟರ್ (ತಾಮ್ರದ ತಂತಿಯ ಸಿಗ್ನಲನ್ನು ಬೆಳಕಾಗಿ ಬದಲಿಸುವ ಪೆಟ್ಟಿಗೆ) ಇಟ್ಟು ನಡುವೆ ಫೈಬರ್ ಹಾಕಿ.

100 ಎಂಬಿಪಿಎಸ್ ಪ್ಲಾನ್, ಫೋನಿನಲ್ಲಿ 35 ತೋರಿಸುತ್ತದೆ. ಮೋಸವೇ?

ಹೆಚ್ಚಿನ ಸಲ ವೈಫೈ. ಓಎನ್‌ಟಿಗೆ ಲ್ಯಾಪ್‌ಟಾಪನ್ನು ತಂತಿಯಲ್ಲಿ ಜೋಡಿಸಿ ಅಳೆಯಿರಿ. ತಂತಿಯಲ್ಲಿ 95ರ ಆಸುಪಾಸು ಬಂದರೆ ಪ್ರೊವೈಡರ್ ಕೊಟ್ಟ ಮಾತು ಉಳಿಸಿಕೊಂಡಿದ್ದಾರೆ. ಎಂಬಿಪಿಎಸ್ ಎಂದರೆ ಬಿಟ್, ಡೌನ್‌ಲೋಡ್‌ನಲ್ಲಿ ಕಾಣುವುದು ಬೈಟ್. 8ರಿಂದ ಭಾಗಿಸಿ: 100ಕ್ಕೆ ಸೆಕೆಂಡಿಗೆ 12.5 ಎಂಬಿ.

200 ಅಥವಾ 300ರ ಪ್ಲಾನ್ ಇದ್ದೂ ತಂತಿಯಲ್ಲಿ ಸದಾ 94ಕ್ಕೇ ನಿಲ್ಲುತ್ತಿದ್ದರೆ ಲ್ಯಾನ್ ಕೇಬಲ್ ನೋಡಿ. ಒಳಗಿನ ನಾಲ್ಕು ಜೋಡಿಗಳಲ್ಲಿ ಎರಡನ್ನೇ ಕ್ರಿಂಪ್ ಮಾಡಿದ್ದರೆ, ಅಥವಾ ಪೋರ್ಟ್ ಹಳೆಯ ಬಗೆಯದಾಗಿದ್ದರೆ ಸಂಪರ್ಕ 100ಕ್ಕೆ ಇಳಿದುಬಿಡುತ್ತದೆ.

ದಪ್ಪ ಕಲ್ಲಿನ, ಮಣ್ಣಿನ ಗೋಡೆಯ ಹಳೆಯ ಮನೆಗಳಿಗೆ 5 ಗಿಗಾಹರ್ಟ್ಸ್ ವೈಫೈ ಒಂದು ಗೋಡೆ ದಾಟುವುದೂ ಕಷ್ಟ. 2.4 ಗಿಗಾಹರ್ಟ್ಸ್ ದಾಟುತ್ತದೆ, ಆದರೆ ನಿಧಾನ. ಅದರಲ್ಲಿ ಚಾನೆಲ್ 1, 6, 11 ಮಾತ್ರ ಒಂದರ ಮೇಲೊಂದು ಬೀಳುವುದಿಲ್ಲ. ರಿಪೀಟರ್ ಕೊಳ್ಳುವ ಹಣದಲ್ಲಿ ಹಿಂದಿನ ಕೋಣೆಗೆ ಒಂದು ಕ್ಯಾಟ್ 6 ತಂತಿ ಎಳೆದು ಇನ್ನೊಂದು ರೂಟರ್ ಇಡುವುದು ಮೇಲು. ಅದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ, ಅಂದರೆ ವೈಫೈ ಮಾತ್ರ ಕೊಡುವಂತೆ, ಇಡಿ.

ರಾತ್ರಿ 8ರಿಂದ 11ರವರೆಗೆ ಮಾತ್ರ ನಿಧಾನ. ಏಕೆ?

ಪ್ರೊವೈಡರ್ ಬೆಂಗಳೂರಿನಿಂದ ಕೊಂಡ ಒಟ್ಟು ಸಾಮರ್ಥ್ಯ ಆ ಹೊತ್ತಿಗೆ ಸಾಲುತ್ತಿಲ್ಲ. ಎಲ್ಲರಿಗೂ ಮಾರಿದ ಸ್ಪೀಡನ್ನು ಕೂಡಿಸಿದಷ್ಟು ಸಾಮರ್ಥ್ಯವನ್ನು ಯಾರೂ ಕೊಳ್ಳುವುದಿಲ್ಲ, ಏಕೆಂದರೆ ಎಲ್ಲರೂ ಒಟ್ಟಿಗೆ ಬಳಸುವುದಿಲ್ಲ. ಆ ಅಂದಾಜು ಬಿಗಿಯಾದರೆ ರಾತ್ರಿ ತಿಳಿಯುತ್ತದೆ. ಒಂದು ಸುಳಿವು ಗಮನಿಸಿ. ಯೂಟ್ಯೂಬ್ ಚೆನ್ನಾಗಿ ಓಡಿ ಉಳಿದದ್ದೆಲ್ಲ ನಿಧಾನವಾದರೆ ತೊಂದರೆ ಹೊರಲಿಂಕಿನದು: ದೊಡ್ಡ ವಿಡಿಯೊ ಕಂಪನಿಗಳ ಸಂಗ್ರಹ ಸರ್ವರ್‌ಗಳು ಪ್ರೊವೈಡರ್‌ನ ಜಾಲದೊಳಗೇ ಇರುವುದುಂಟು. ಯೂಟ್ಯೂಬ್ ಕೂಡ ನಿಂತರೆ ಇಕ್ಕಟ್ಟು ನಿಮ್ಮ ಊರಿನ ಹತ್ತಿರವೇ ಇದೆ.

ದೂರು ಕೊಡುವ ಮೊದಲು ತಂತಿಯಲ್ಲಿ ಬೆಳಗ್ಗೆ 6ಕ್ಕೊಂದು, ರಾತ್ರಿ 9ಕ್ಕೊಂದು ಅಳತೆ, ಮೂರ್ನಾಲ್ಕು ದಿನ. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ತೋಟದ ಮನೆ ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗಿದೆ. ಫೈಬರೇ, ಏರ್‌ಫೈಬರೇ?

ಸಾಧ್ಯವಿದ್ದರೆ ಫೈಬರ್. ಒಂದೂವರೆ ಕಿಲೋಮೀಟರ್ ಬೆಳಕಿಗೆ ಅರ್ಧ ಡಿಬಿಯ ಮಾತು. ಖರ್ಚು, ನಿರ್ವಹಣೆ ಮಾತ್ರ ಪ್ರಶ್ನೆ. ಒಂದು ಎಳೆ ಸಾಕಾದರೂ ನಾಲ್ಕು ಎಳೆಯದನ್ನು ಹಾಕಿಸಿ. ಪ್ರತಿ ತಿರುವಿನಲ್ಲಿ ಹತ್ತು ಮೀಟರ್ ಹೆಚ್ಚುವರಿ ಸುರುಳಿ ಬಿಡಿಸಿ, ಕಡಿದಾಗ ಎಳೆದು ಜೋಡಿಸಲು ಅದೇ ಬೇಕು. ಲಾರಿ ಓಡಾಡುವ ಕಡೆ 18 ಅಡಿಗಿಂತ ಮೇಲಿರಲಿ. ಮರಕ್ಕೆ ಕಟ್ಟಲೇಬೇಕಿದ್ದರೆ ಕುಣಿಕೆ ಸಡಿಲವಾಗಿರಲಿ. ವಿದ್ಯುತ್ ಕಂಬ ಬಳಸಲು ವಿದ್ಯುತ್ ಕಂಪನಿಯ ಒಪ್ಪಿಗೆ ಬೇಕು. ಆ ಕೇಬಲ್ ಯಾರ ಸ್ವತ್ತು, ಕಡಿದರೆ ಖರ್ಚು ಯಾರದು ಎಂಬುದನ್ನು ಮೊದಲೇ ಬರಹದಲ್ಲಿ ಪಡೆಯಿರಿ.

ಏರ್‌ಫೈಬರ್ ಮನೆಯ ಮೇಲಿನ ಆಂಟೆನಾಕ್ಕೆ ಮೊಬೈಲ್ ಟವರ್‌ನಿಂದ 5ಜಿ ಹಿಡಿಯುತ್ತದೆ. ಟವರ್‌ಗೂ ಮನೆಗೂ ನಡುವೆ ಗುಡ್ಡ ಬಂದರೆ ಆಗದು. ಮುಳ್ಳಯ್ಯನಗಿರಿಯ ಸುತ್ತಲ ಕಣಿವೆಗಳಲ್ಲಿ ಇದೇ ಸಮಸ್ಯೆ. ಒದ್ದೆ ಎಲೆಗಳೂ ಸಿಗ್ನಲ್ ಹೀರುತ್ತವೆ. ಬೇಸಿಗೆಯಲ್ಲಿ ನೆರಳಿನ ಮರಗಳ ಕೊಂಬೆ ಸವರಿದ ತೋಟದಲ್ಲಿ ಪರೀಕ್ಷಿಸಿ ಚೆನ್ನಾಗಿದೆ ಎಂದು ವರ್ಷದ ಹಣ ಕಟ್ಟಬೇಡಿ.

ಬೆಂಗಳೂರಿನಲ್ಲಿ ಕೂತು ತೋಟದ ಕ್ಯಾಮೆರಾ ತೆರೆಯಲು ಆಗುತ್ತಿಲ್ಲ.

ಇಂಟರ್ನೆಟ್‌ನಲ್ಲಿ ಕನೆಕ್ಷನ್ ಗುರುತಿಸುವ ಐಪಿವಿ4 ವಿಳಾಸಗಳ ಕೊರತೆಯಿಂದ ಪ್ರೊವೈಡರ್‌ಗಳು ಒಂದೇ ಹೊರ ವಿಳಾಸವನ್ನು ಅನೇಕ ಮನೆಗಳಿಗೆ ಹಂಚುತ್ತಾರೆ. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ರೂಟರ್‌ನಲ್ಲಿ ಕಾಣುವ ವ್ಯಾನ್ (ಹೊರಬದಿಯ) ವಿಳಾಸ 100.64ರಿಂದ 100.127ರೊಳಗೆ ಶುರುವಾಗುತ್ತಿದ್ದರೆ ನೀವು ಅದರೊಳಗಿದ್ದೀರಿ. ಆಗ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬಂದ ಕೋರಿಕೆಯನ್ನು ಕ್ಯಾಮೆರಾಕ್ಕೆ ತಿರುಗಿಸುವ ರೂಟರ್ ಸೆಟ್ಟಿಂಗ್) ಎಷ್ಟು ಮಾಡಿದರೂ ವ್ಯರ್ಥ. ಹಣ ಕೊಟ್ಟು ನಿಮ್ಮದೇ ಸ್ಥಿರ ವಿಳಾಸ (ಸ್ಟ್ಯಾಟಿಕ್ ಐಪಿ) ಪಡೆಯಿರಿ, ಅಥವಾ ಕ್ಲೌಡ್ ಮೂಲಕ ಕೆಲಸ ಮಾಡುವ ಕ್ಯಾಮೆರಾ ಹಾಕಿ. ಮನೆ, ಫೋನು ಎರಡರಲ್ಲೂ ಹೊಸ ಬಗೆಯ ವಿಳಾಸವಾದ ಐಪಿವಿ6 ಇದ್ದರೆ ಅದೂ ಒಂದು ದಾರಿ.

ಮನೆಯಿಂದಲೇ ಕೆಲಸ. ಎರಡು ಕನೆಕ್ಷನ್ ಇಟ್ಟುಕೊಂಡರೆ ಸಾಕೇ?

ಎರಡೂ ಒಂದೇ ಕಂಬದ ಮೇಲೆ ಬರುತ್ತಿದ್ದರೆ ಸಾಲದು. ಒಂದು ಕೊಂಬೆ ಬಿದ್ದರೆ ಎರಡೂ ಹೋಗುತ್ತವೆ. ಹೆಸರು ಬೇರೆಯಾದ ಎರಡು ಕಂಪನಿಗಳು ಊರಾಚೆಗೆ ಒಂದೇ ಬಾಡಿಗೆ ಫೈಬರ್‌ನಲ್ಲಿ ಹೋಗುವುದೂ ಉಂಟು. ಒಂದು ತಂತಿ, ಇನ್ನೊಂದು ಗಾಳಿ ಎಂಬುದು ನಮ್ಮ ಸಲಹೆ: ಫೈಬರ್ ಜೊತೆಗೆ ಬೇರೆ ಕಂಪನಿಯ ಸಿಮ್ ಹಾಕಿದ ರೂಟರ್. ಹಿಂದೆ ಎಂದಾದರೂ ಫೈಬರ್ ಹೋದಾಗ ಯಾವ ಸಿಮ್ ಬದುಕಿತ್ತೋ ಅದನ್ನೇ ಆರಿಸಿ.

ಹೋಂಸ್ಟೇ ಅತಿಥಿಗಳಿಗೆ ಮನೆಯ ವೈಫೈ ಕೊಡಬಹುದೇ?

ಮನೆ ಪ್ಲಾನ್‌ಗಳ ಷರತ್ತಿನಲ್ಲಿ ವಾಣಿಜ್ಯ ಬಳಕೆಗೆ ಸಾಮಾನ್ಯವಾಗಿ ಅವಕಾಶ ಇರುವುದಿಲ್ಲ, ಬಿಸಿನೆಸ್ ಪ್ಲಾನ್ ಕೇಳಿ. ಆಧಾರ್ ಕೊಟ್ಟು ಕನೆಕ್ಷನ್ ಪಡೆದವರು ನೀವು, ಆ ಲೈನಿನಿಂದ ಏನೇ ಆದರೂ ಮೊದಲ ವಿಚಾರಣೆ ನಿಮ್ಮ ಬಾಗಿಲಿಗೇ ಬರುತ್ತದೆ. ಅತಿಥಿಗಳಿಗೆ ಗೆಸ್ಟ್ ನೆಟ್‌ವರ್ಕ್ ಪ್ರತ್ಯೇಕವಾಗಿರಲಿ, ಪಾಸ್‌ವರ್ಡ್ ಆಗಾಗ ಬದಲಾಗಲಿ. ಪಕ್ಕದ ಮನೆಗಳಿಗೆ ದುಡ್ಡಿಗೆ ಹಂಚುವುದು ಮಾತ್ರ ಬೇಡ, ಅದು ಲೈಸೆನ್ಸ್ ಇಲ್ಲದೆ ಸೇವೆ ಮಾರಿದಂತೆ.

499 ಎಂದರು, ಬಿಲ್ 589 ಬಂತು. ಅನ್‌ಲಿಮಿಟೆಡ್ ಎಂದರು, ಸ್ಪೀಡ್ ಇಳಿಯಿತು.

ಮೊದಲನೆಯದು ಶೇ 18 ಜಿಎಸ್‌ಟಿ: 499ಕ್ಕೆ 588.82. ಎರಡನೆಯದು ಬಳಕೆಯ ಮಿತಿ. ಅನೇಕ ಪ್ಲಾನ್‌ಗಳಲ್ಲಿ ಅದು ತಿಂಗಳಿಗೆ 3300 ಜಿಬಿ, ಅಗ್ಗದವುಗಳಲ್ಲಿ ಇನ್ನೂ ಕಡಿಮೆ. ಮಿತಿ ಎಷ್ಟು, ದಾಟಿದ ಮೇಲೆ ಸ್ಪೀಡ್ ಎಷ್ಟು, ಎರಡನ್ನೂ ಕೇಳಿ. ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಎಂದು ಕರೆಯಲು 2023ರಿಂದ ಕನಿಷ್ಠ 2 ಎಂಬಿಪಿಎಸ್ ಡೌನ್‌ಲೋಡ್ ಬೇಕು. ಮುಂಚೆ ಅದು 512 ಕೆಬಿಪಿಎಸ್ ಇತ್ತು.

ವಾರವಾದರೂ ಸರಿಮಾಡುತ್ತಿಲ್ಲ. ಎಲ್ಲಿಗೆ ಹೋಗಬೇಕು?

ಮೆಟ್ಟಿಲು ಹತ್ತಿದಂತೆ ಹೋಗಬೇಕು, ನಡುವಿನದನ್ನು ಬಿಟ್ಟರೆ ಮೇಲಿನವರು ಕೆಳಗೆ ಕಳಿಸುತ್ತಾರೆ. ಮೊದಲು ಕಂಪನಿಯ ದೂರು ಕೇಂದ್ರ, ಡಾಕೆಟ್ (ದೂರಿನ) ನಂಬರ್. ಅಲ್ಲಿ ತೃಪ್ತಿಯಾಗದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಅರ್ಜಿ. ಶುಲ್ಕವಿಲ್ಲ, 39 ದಿನಗಳಲ್ಲಿ ತೀರ್ಮಾನವಾಗಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿಯಮ ಮಾಡುತ್ತದೆ, ಬಿಡಿ ಗ್ರಾಹಕರ ದೂರನ್ನು ತಾನೇ ಬಗೆಹರಿಸುವುದಿಲ್ಲ. ಕೇಂದ್ರದ ಸಾರ್ವಜನಿಕ ದೂರು ಪೋರ್ಟಲ್‌ನಲ್ಲಿ ದೂರಸಂಪರ್ಕ ಇಲಾಖೆಗೆ ಬರೆಯಬಹುದು. ಜಿಲ್ಲಾ ಗ್ರಾಹಕ ಆಯೋಗವೂ ಇದೆ. ಟೆಲಿಕಾಂ ಸೇವೆಯ ವ್ಯಾಜ್ಯಗಳನ್ನು ಗ್ರಾಹಕ ವೇದಿಕೆಗಳು ಕೇಳಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಅರ್ಜಿಯಲ್ಲಿ ಸಿಟ್ಟಿಗಿಂತ ಅಂಕಿ ಇರಲಿ: ನಿಂತ ದಿನಾಂಕ ಮತ್ತು ಗಂಟೆ, ಕೆಂಪು ದೀಪದ ಫೋಟೊ, ಕನೆಕ್ಷನ್ ಹಾಕಿದ ದಿನದ ಮತ್ತು ಇಂದಿನ ಆರ್‌ಎಕ್ಸ್ ಪವರ್, ಡಾಕೆಟ್ ನಂಬರ್. ಸೇವೆ ಇಲ್ಲದ ದಿನಗಳ ಬಾಡಿಗೆ ಕಡಿತವನ್ನೂ ಕೇಳಿ.

ಪ್ರೊವೈಡರ್ ಬದಲಾಯಿಸಿದರೆ ಹಳೆಯ ಪೆಟ್ಟಿಗೆ ನಡೆಯುತ್ತದೆಯೇ?

ಕಂಪನಿ ಕೊಟ್ಟದ್ದಾದರೆ ಬಹುತೇಕ ಇಲ್ಲ, ಅದು ಅವರ ಜಾಲಕ್ಕೆ ಲಾಕ್ ಆಗಿರುತ್ತದೆ, ವಾಪಸ್ ಕೊಟ್ಟು ರಸೀದಿ ಪಡೆದು ಠೇವಣಿ ಕೇಳಬೇಕು. ನೀವೇ ಕೊಂಡ ಲಾಕ್ ಇಲ್ಲದ ಓಎನ್‌ಟಿ ಆದರೆ ಸೀರಿಯಲ್ ನಂಬರ್ ಕೊಟ್ಟು ಹೊಸ ಓಎಲ್‌ಟಿಯಲ್ಲಿ ನೋಂದಾಯಿಸಲು ಹೇಳಿ. ಹಳೆಯ ಜಾಲ ಇಪಾನ್ ಎಂಬ ಇನ್ನೊಂದು ಬಗೆಯದು, ಹೊಸದು ಜಿಪಾನ್ ಆದರೆ ಎಕ್ಸ್‌ಪಾನ್ ಎಂದು ಬರೆದಿರುವ, ಎರಡನ್ನೂ ಹಿಡಿಯುವ ಪೆಟ್ಟಿಗೆ ಬೇಕು. ಮೊಬೈಲ್‌ನಂತೆ ಪೋರ್ಟ್ ಮಾಡುವ ವ್ಯವಸ್ಥೆ ಇದಕ್ಕಿಲ್ಲ. ಹೊಸ ಲೈನ್ ಬಂದು ಒಂದು ವಾರ ಓಡುವವರೆಗೆ ಹಳೆಯದನ್ನು ಮುಚ್ಚಬೇಡಿ. ಮುಚ್ಚುವ ಕೋರಿಕೆಯನ್ನು ಬರಹದಲ್ಲೇ ಕೊಡಿ. ಹೊಸಬರಿಗೆ ತಿಂಗಳ ಲೆಕ್ಕದಲ್ಲೇ ಹಣ ಕಟ್ಟುತ್ತಾ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಒಂದು ಮಳೆಗಾಲ ನೋಡಿ, ವರ್ಷದ ರಿಯಾಯಿತಿ ಪ್ಲಾನ್ ಆಮೇಲೆ ತೆಗೆದುಕೊಳ್ಳಬಹುದು.